ಕಡಕ್ ರೊಟ್ಟಿಯ ಬಾವಲಿ, ‘ನಾಳೆ ಬಾ’ ಬಾಗಿಲು: ಮನೆಯಲ್ಲೇ ಮಾಡುವ ಚಾಕ್ಲೇಟ್ ದೆವ್ವಗಳು

ಆ ವರ್ಷ ದೀಪಾವಳಿ ಅಕ್ಟೋಬರ್ ಕೊನೆಗೇ ಬಿದ್ದಿತ್ತು. ಪುಣೆಯಿಂದ ರಜೆಗೆ ಬಂದ ತಂಗಿಯ ಮಕ್ಕಳು ವಿಜಯಪುರದ ನಮ್ಮ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು, ‘ಮಾವಶಿ, ಈ ಸಲ ಹ್ಯಾಲೊವೀನ್ ಪಾರ್ಟಿ ಮಾಡೂಣು.’ ಒಳಗೆ ಬತ್ತಿ ಹೊಸೆಯುತ್ತ ಕುಳಿತಿದ್ದ ಅವ್ವ ತಲೆ ಎತ್ತಿದಳು. ‘ಅದೇನ ಹಬ್ಬನವಾ?’ ದೆವ್ವದ ವೇಷ ಹಾಕಿ ಚಾಕ್ಲೇಟ್ ತಿನ್ನುವ ಹಬ್ಬ ಎಂದು ಹೇಳಿದೆ. ‘ಅಮಾಸಿಗೆ ಎಲ್ಲಾರೂ ದೆವ್ವ ಓಡಸ್ತಾರ, ನೀವು ಕರದು ಫರಾಳ ಹಾಕ್ತೀರೇನ?’ ಎಂದಳು.

ಕೊನೆಗೆ ಪಾರ್ಟಿ ಆಯಿತು, ಅವ್ವನೇ ಶೇಂಗಾ ಹುರಿದು ಕೊಟ್ಟಳು. ಆಮೇಲಿನ ವರ್ಷಗಳಲ್ಲಿ ಓಣಿಯ ಹುಡುಗರೂ ಸೇರಿಕೊಂಡು, ಈಗ ಹದಿನೈದು ಜನರ ಲೆಕ್ಕ. ಈ ಮಾರ್ಗದರ್ಶಿಯನ್ನೂ ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

ಹ್ಯಾಲೊವೀನ್ ಅಕ್ಟೋಬರ್ 31ರ ಸಂಜೆಯ ಆಚರಣೆ. ಕ್ರೈಸ್ತರಿಗೆ ನವೆಂಬರ್ 1 ಸಕಲ ಸಂತರ ದಿನ, ಇದು ಅದರ ಹಿಂದಿನ ಸಂಜೆ. ಬೇರು ಐರ್ಲೆಂಡ್ ಕಡೆಯ ಹಳೆಯ ಸುಗ್ಗಿ ಹಬ್ಬದಲ್ಲಿದೆ. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು, ಅಮೆರಿಕಕ್ಕೆ ಹೋದವರಿಗೆ ಕುಂಬಳಕಾಯಿ ಸಿಕ್ಕಿತು. ಅವರು ತಮ್ಮ ಹೊಲದಲ್ಲಿ ಬೆಳೆದದ್ದನ್ನು ಕೊರೆದರು ಅಂದಮೇಲೆ ನಾವೂ ನಮ್ಮ ಡಬ್ಬಿಯಲ್ಲಿದ್ದದ್ದರಿಂದಲೇ ಮಾಡಬಹುದಲ್ಲ. ಹೊರಗಿನ ಪಾಕವಿಧಾನಗಳಲ್ಲಿ ಪ್ರೆಟ್ಜೆಲ್ ಬೇಕು, ಮಾರ್ಷ್‌ಮ್ಯಾಲೊ ಬೇಕು, ಸಕ್ಕರೆಯ ಕಣ್ಣು ಬೇಕು ಅಂತಿರುತ್ತದೆ. ಮೊದಲ ಸಲ ಅವನ್ನು ಹುಡುಕಿಕೊಂಡು ನಾನು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಿಂದ ಸ್ಟೇಷನ್ ರಸ್ತೆಯವರೆಗೆ ಸುತ್ತಿ ಕಾಲು ನೋಯಿಸಿಕೊಂಡದ್ದಷ್ಟೇ ಬಂತು. ಪ್ರೆಟ್ಜೆಲ್ ಅಂದರೆ ಉಪ್ಪುಪ್ಪಾದ, ಗರಿಗರಿಯಾದ, ಸೊಟ್ಟಗಿರುವ ತಿನಿಸು. ಆ ಕೆಲಸಕ್ಕೆ ನಮ್ಮ ಚಕ್ಕಲಿ ಇದೆ.

ದೆವ್ವಗಳನ್ನಂತೂ ಆಮದು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಹುಣಸೆ ಮರಕ್ಕೊಂದು, ಹಾಳುಬಾವಿಗೊಂದು ನಮ್ಮಲ್ಲಿ ಮೊದಲೇ ಇವೆ.

ಸಾಮಾನು

ಡಾರ್ಕ್ ಕಾಂಪೌಂಡ್ ಚಾಕ್ಲೇಟ್ 500 ಗ್ರಾಂ, ವೈಟ್ ಕಾಂಪೌಂಡ್ 400 ಗ್ರಾಂ. ಉದ್ದನೆಯ ಗ್ಲೂಕೋಸ್ ಬಿಸ್ಕಿಟ್ 15, ದುಂಡನೆಯ ಮಾರಿ ಬಿಸ್ಕಿಟ್ 15. ಶೇಂಗಾ 150 ಗ್ರಾಂ, ಒಣದ್ರಾಕ್ಷಿ 75 ಗ್ರಾಂ. ಚಕ್ಕಲಿ 15ರಿಂದ 20, ಸಣ್ಣವಾದರೆ ಇನ್ನೂ ನಾಲ್ಕು ಹೆಚ್ಚಿಗೆ. ತೆಳ್ಳಗಿನ ಕಡಕ್ ರೊಟ್ಟಿ 4. ಮೆತ್ತಗಿನ ಖರ್ಜೂರ 15. ಚುರುಮುರಿ ಎರಡು ದೊಡ್ಡ ಬಟ್ಟಲು. ಕರದಂಟು ಕಾಲು ಕಿಲೋ. ವಾಸನೆಯಿಲ್ಲದ ಕೊಬ್ಬರಿ ಎಣ್ಣೆ ನಾಲ್ಕೈದು ಚಮಚ. ಬ್ಯಾಡಗಿ ಖಾರಪುಡಿ, ಅರಿಶಿನ, ಬಿಳಿ ಎಳ್ಳು, ಹತ್ತು ಬಾದಾಮಿ, ಬಣ್ಣದ ಸಕ್ಕರೆ ಹಚ್ಚಿದ ಬಡೇಸೋಪು ಒಂದು ಮುಷ್ಟಿ. ಬಟರ್ ಪೇಪರ್ ಒಂದು ಸುರುಳಿ.

ಚಕ್ಕಲಿ, ರೊಟ್ಟಿ ಮನೆಯವೇ ಆಗಬೇಕೆಂದಿಲ್ಲ. ಕಡಕ್ ರೊಟ್ಟಿ ಕಟ್ಟುಗಳು ಈಗ ಎಲ್ಲ ಊರಲ್ಲೂ ಸಿಗುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿಕ್ಕರೆ ಅದನ್ನೇ ತನ್ನಿ. ಕಪ್ಪು ಚಾಕ್ಲೇಟಿನ ಕೆಳಗೆ ಸಜ್ಜಿ ಮತ್ತು ಎಳ್ಳಿನ ರುಚಿ ಜೋಳಕ್ಕಿಂತ ಚೆನ್ನಾಗಿ ಏಳುತ್ತದೆ.

ಯಾವ ಚಾಕ್ಲೇಟ್, ಯಾಕೆ

ಇಲ್ಲಿ ಸ್ವಲ್ಪ ನಿಲ್ಲೋಣ. ಎಡವುವವರೆಲ್ಲ ಇಲ್ಲೇ ಎಡವುತ್ತಾರೆ.

ಅಂಗಡಿಯಲ್ಲಿ ಎರಡು ಥರದ ಗಟ್ಟಿ ಸಿಗುತ್ತದೆ. ನಿಜವಾದ ಚಾಕ್ಲೇಟಿನಲ್ಲಿ ಇರುವ ಕೊಬ್ಬು ಕೋಕೋ ಬೆಣ್ಣೆ. ಕಾಂಪೌಂಡ್ ಚಾಕ್ಲೇಟಿನಲ್ಲಿ ಅದರ ಬದಲು ತಾಳೆ ಬೀಜದಂಥ ಸಸ್ಯಜನ್ಯ ಕೊಬ್ಬು, ಜೊತೆಗೆ ಕೋಕೋ ಪುಡಿ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಓದಿದರೆ ಗೊತ್ತಾಗುತ್ತದೆ. ರುಚಿಯಲ್ಲಿ ನಿಜವಾದದ್ದೇ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಕೋಕೋ ಬೆಣ್ಣೆ ಹಟಮಾರಿ. ಕರಗಿಸಿ ಸುಮ್ಮನೆ ಆರಲು ಬಿಟ್ಟರೆ ಮೆತ್ತಗೆ, ಮಂಕಾಗಿ, ಮೇಲೆ ಬಿಳಿ ಬೂದಿ ಹಿಡಿದಂತೆ ಗಟ್ಟಿಯಾಗುತ್ತದೆ. ಹೊಳಪು ಬೇಕು, ಮುರಿದರೆ ‘ಟಕ್’ ಅನ್ನಬೇಕು ಎಂದರೆ ಟೆಂಪರಿಂಗ್ ಮಾಡಬೇಕು. ಡಾರ್ಕ್ ಚಾಕ್ಲೇಟನ್ನು 45 ಡಿಗ್ರಿಗೆ ಕರಗಿಸಿ, ಕರಗದ ಚೂರುಗಳನ್ನು ಮೂರನೇ ಒಂದರಷ್ಟು ಹಾಕಿ, ಕಲಕುತ್ತ ಕಲಕುತ್ತ 31–32 ಡಿಗ್ರಿಗೆ ಇಳಿಸಿ, ಅಲ್ಲೇ ಹಿಡಿದಿಟ್ಟುಕೊಂಡು ಅದ್ದಬೇಕು. ಹಾಲು ಚಾಕ್ಲೇಟಿಗೆ 29–30, ಬಿಳಿಯದಕ್ಕೆ 28–29. ಥರ್ಮಾಮೀಟರ್ ಇಲ್ಲದೆ ಆಗದ ಕೆಲಸ.

ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ಮೆತ್ತಗಾಗುವುದು ಅದಕ್ಕೂ ಮೊದಲೇ. ವಿಜಯಪುರದ ಅಕ್ಟೋಬರ್ ಮಧ್ಯಾಹ್ನ ಸುಲಭವಾಗಿ 30 ದಾಟುತ್ತದೆ, ಅಡುಗೆಮನೆಯಲ್ಲಿ ಒಲೆ ಹೊತ್ತಿದ್ದರೆ ಇನ್ನೂ ಹೆಚ್ಚು. ಕರಾವಳಿಯಲ್ಲಿ ಅಡಿಕೆ ಮರದ ನೆರಳಿಗೆ ಬೆಳೆಯುವ ಗಿಡದ ಕಾಯಿ ಅದು, ನಮ್ಮ ಬಯಲಿನ ಬಿಸಿಲಿಗೆ ಹುಟ್ಟಿದ್ದಲ್ಲ. ಹದಿನೈದು ಹುಡುಗರು ಎರಡು ನಿಮಿಷಕ್ಕೆ ಮುಗಿಸುವ ತಿನಿಸಿಗೆ ಇಷ್ಟು ಸಾಹಸ ಬೇಡ, ಕಾಂಪೌಂಡ್ ತನ್ನಿ. ಟೆಂಪರಿಂಗ್ ಬೇಕಿಲ್ಲ, ತಾನಾಗಿಯೇ ಹೊಳಪಾಗಿ ಗಟ್ಟಿಯಾಗುತ್ತದೆ. ಬೆಳಗಾವಿಯವರಾದರೆ, ನಿಮ್ಮ ಹವಾ ನಮಗಿಂತ ತಂಪು, ನಿಜವಾದ ಚಾಕ್ಲೇಟಿಗೆ ಒಂದು ಕೈ ನೋಡಬಹುದು.

ಕರಗಿಸುವುದು

ಸಂಜೆ ಏಳರ ಮೇಲೆ ಅಥವಾ ಬೆಳಗ್ಗೆ ಎಂಟರ ಒಳಗೆ ಮಾಡಿ. ಕುಕ್ಕರ್ ಸೀಟಿ ಹೊಡೆಯುವಾಗ, ಚಹಾ ಕುದಿಯುವಾಗ ಬೇಡ. ಚಾಕ್ಲೇಟಿಗೆ ಇರುವ ದೊಡ್ಡ ದೆವ್ವ ನೀರು. ಆವಿಯೂ ನೀರೇ.

ಇದನ್ನು ಪೆಟ್ಟು ತಿಂದೇ ಕಲಿತೆ. ಮೊದಲ ವರ್ಷ ಅರ್ಧ ಕಿಲೋ ಚಾಕ್ಲೇಟ್ ರೇಷ್ಮೆಯಂತೆ ಕರಗಿ ಕುಳಿತಿತ್ತು. ಆಗತಾನೆ ತೊಳೆದ ಸವಟನ್ನು ಕೊಡವಿ ಹಾಕಿದೆ. ಒರೆಸಲಿಲ್ಲ, ಕೊಡವಿದೆ ಅಷ್ಟೇ. ಎರಡು ಸುತ್ತು ಕಲಕುವಷ್ಟರಲ್ಲಿ ಸವಟು ಭಾರವಾಯಿತು. ಅಂಚಿನಿಂದ ಶುರುವಾಗಿ ಹೊಳಪು ಹೋಯಿತು. ನೋಡನೋಡುತ್ತ ಇಡೀ ಬೋಗುಣಿ ನೀರು ಕಡಿಮೆ ಬಿದ್ದ ಉಪ್ಪಿಟ್ಟಿನ ಹಾಗೆ ಉದುರು ಉದುರಾಗಿ, ಸವಟಿನ ಸುತ್ತ ಮುದ್ದೆ ಕಟ್ಟಿ ನಿಂತಿತು. ರಾತ್ರಿ ಒಂಬತ್ತೂವರೆ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಆದದ್ದು ಇಷ್ಟು. ಚಾಕ್ಲೇಟಿನಲ್ಲಿ ಸಕ್ಕರೆಯ ಮತ್ತು ಕೋಕೋದ ಸೂಕ್ಷ್ಮ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ಒಂದು ಹನಿ ನೀರು ಬಿದ್ದರೆ ಸಕ್ಕರೆ ಕಣದ ಮೈ ಒದ್ದೆಯಾಗಿ ಅಂಟಾಗುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ತಮಾಷೆಯೆಂದರೆ ಸ್ವಲ್ಪ ನೀರು ಕೆಡಿಸುತ್ತದೆ, ಹೆಚ್ಚು ನೀರು ಸರಿಮಾಡುತ್ತದೆ. ಹಾಗೆ ಗಂಟಾದರೆ ಎಸೆಯಬೇಡಿ. ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕುತ್ತ ಕಲಕಿದರೆ ಸಾಸ್ ಆಗುತ್ತದೆ. ಅದ್ದಲು ಬರುವುದಿಲ್ಲ, ಹಾಲಿಗೆ ಹಾಕಿ ಕುಡಿಯಲು ಬರುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ದಿನ ಎಲ್ಲರೂ ಅದನ್ನೇ ಕುಡಿದರು, ಅವ್ವನೂ.

ಈಗ ಕ್ರಮ:

1. ಬೋಗುಣಿ, ಸವಟು, ಚಾಕು, ಹಲಗೆ ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಹಾಗೇ ಬಿಡಿ. ಕಟ್ಟಿಗೆಯ ಸವಟು ಬೇಡ, ಅದು ಒಳಗೆ ನೀರು ಇಟ್ಟುಕೊಂಡಿರುತ್ತದೆ.

2. ಚಾಕ್ಲೇಟನ್ನು ಶೇಂಗಾ ಕಾಳಿನಷ್ಟು ಸಣ್ಣಗೆ ಕೊಚ್ಚಿ. ದೊಡ್ಡ ತುಂಡು ಹಾಕಿದರೆ ಹೊರಗೆ ಸೀಯುತ್ತದೆ, ಒಳಗೆ ಕಲ್ಲಿನಂತೆ ಉಳಿಯುತ್ತದೆ.

3. ಸಣ್ಣ ಪಾತೇಲಿಯಲ್ಲಿ ಎರಡು ಬೆರಳು ನೀರು ಕಾಯಿಸಿ. ಕುದಿ ಬರುವ ಮುಂಚೆ ಒಲೆ ಆರಿಸಿ. ಮೇಲಿಡುವ ಬೋಗುಣಿಯ ಬಾಯಿ ಪಾತೇಲಿಗಿಂತ ಅಗಲವಾಗಿರಲಿ, ಆವಿ ಪಕ್ಕದಿಂದ ಎದ್ದು ಒಳಗೆ ಬರಬಾರದು. ತಳ ನೀರಿಗೆ ತಾಗಬಾರದು.

4. ಮುಕ್ಕಾಲು ಭಾಗ ಕರಗಿದೊಡನೆ ಬೋಗುಣಿ ಕೆಳಗಿಳಿಸಿ, ತಳ ಒರೆಸಿ. ತಳದ ನೀರೇ ಬಟರ್ ಪೇಪರಿನ ಮೇಲೆ ಹನಿಯುವುದು. ಉಳಿದ ಕಾಲು ಭಾಗ ಕಲಕಿದಂತೆ ಅದರದೇ ಬಿಸಿಗೆ ಕರಗುತ್ತದೆ.

5. ಬಿಳಿಯದನ್ನು ಇನ್ನೂ ಜೋಪಾನವಾಗಿ ಮಾಡಿ. ಅದರಲ್ಲಿ ಹಾಲಿನ ಪುಡಿ ಹೆಚ್ಚು, ಬೇಗ ಸೀಯುತ್ತದೆ.

ಮೈಕ್ರೊವೇವ್ ಇದ್ದರೆ ಅರ್ಧ ಶಕ್ತಿಯಲ್ಲಿ 30 ಸೆಕೆಂಡ್, ತೆಗೆದು ಕಲಕು, ಮತ್ತೆ 30 ಸೆಕೆಂಡ್. ‘ಎರಡು ನಿಮಿಷ ಇಟ್ಟುಬಿಡೋಣ’ ಅಂದಿರೋ, ಮನೆ ತುಂಬ ಸುಟ್ಟ ವಾಸನೆ.

ಹದ ನೋಡುವುದು: ಚಮಚ ಎತ್ತಿದರೆ ದಾರವಾಗಿ ಇಳಿಯಬೇಕು, ಬಿದ್ದ ದಾರ ಮೂರ್ನಾಲ್ಕು ಸೆಕೆಂಡ್ ಮೇಲೆ ಕಂಡು ಕೂಡಿಕೊಳ್ಳಬೇಕು. ದೋಸೆ ಹಿಟ್ಟಿನಂತೆ ದಪ್ಪವಿದ್ದರೆ 200 ಗ್ರಾಮಿಗೆ ಒಂದು ಚಮಚದಂತೆ ಕೊಬ್ಬರಿ ಎಣ್ಣೆ ಹಾಕಿ. ಬೆಣ್ಣೆ ಬೇಡ, ಬೆಣ್ಣೆಯಲ್ಲಿ ನೀರಿರುತ್ತದೆ. ಹಾಲು ಹಾಕುವ ಮಾತೇ ಬೇಡ.

ಬಣ್ಣ: ಬ್ಯಾಡಗಿಯ ಉಪಾಯ

ಕೇಕಿಗೆ ಹಾಕುವ ಬಾಟಲಿಯ ಬಣ್ಣ ನೀರಿನದು. ಎರಡು ಹನಿ ಬಿದ್ದರೆ ಮೇಲೆ ಹೇಳಿದ ಉಪ್ಪಿಟ್ಟಿನ ಕಥೆಯೇ. ಚಾಕ್ಲೇಟಿಗೆಂದೇ ಎಣ್ಣೆಯಲ್ಲಿ ಕರಗುವ ಬಣ್ಣ ಬರುತ್ತದೆ, ಸಿಕ್ಕರೆ ಸರಿ. ನನಗೆ ಸಿಗಲಿಲ್ಲ. ಆಮೇಲೆ ಸಾರಿನ ಒಗ್ಗರಣೆಯ ಮೇಲೆ ತೇಲುವ ಕೆಂಪು ಎಣ್ಣೆ ನೋಡಿ ಹೊಳೆಯಿತು. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲೇ ಕರಗುವುದು! ಅರಿಶಿನದ್ದೂ ಹಾಗೆಯೇ. ಬ್ಯಾಡಗಿ ಮೆಣಸಿನಕಾಯಿಯಲ್ಲಂತೂ ಬಣ್ಣ ಹೆಚ್ಚು, ಖಾರ ಕಡಿಮೆ.

ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಬೆರಳು ತಾಳುವಷ್ಟು ಬಿಸಿ ಮಾಡಿ, ಒಲೆ ಆರಿಸಿ, ಅರ್ಧ ಚಮಚ ಬ್ಯಾಡಗಿ ಪುಡಿ ಹಾಕಿ ಅರ್ಧ ಗಂಟೆ ಬಿಡಿ. ಒಣ ಮಲ್ ಬಟ್ಟೆಯಲ್ಲಿ ಸೋಸಿ. 100 ಗ್ರಾಂ ಬಿಳಿ ಚಾಕ್ಲೇಟಿಗೆ ಈ ಎಣ್ಣೆ ಅರ್ಧ ಚಮಚ, ಜೊತೆಗೆ ಒಂದು ಚಿಟಿಕೆ ಜರಡಿ ಹಿಡಿದ ಅರಿಶಿನ. ಕುಂಬಳಕಾಯಿಯ ಕಿತ್ತಳೆ ಬಣ್ಣ ಬರುತ್ತದೆ. ಅಂಗಡಿಯ ಬಣ್ಣದಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ನನಗೆ ಅದೇ ಇಷ್ಟ. ನುಂಗಿದ ಮೇಲೆ ಗಂಟಲಲ್ಲಿ ಕೂದಲೆಳೆಯಷ್ಟು ಚುರುಕು. ಅತಿ ಸಿಹಿಯಾದ ಬಿಳಿ ಚಾಕ್ಲೇಟಿಗೆ ಅದು ಬೇಕೂ ಬೇಕು. ಅದೇ ಕಾರಣಕ್ಕೆ ನಾನು ಒಂದು ಇಂಡಿ ಲಿಂಬೆಯ ಸಿಪ್ಪೆಯನ್ನೂ ತುರಿದು ಹಾಕುತ್ತೇನೆ. ಹಣ್ಣನ್ನು ಚೆನ್ನಾಗಿ ಒರೆಸಿ, ಮೇಲಿನ ಹಸಿರಷ್ಟೇ ತುರಿಯಿರಿ. ರಸ ಒಂದು ಹನಿಯೂ ಬೀಳಬಾರದು, ರಸವೂ ನೀರೇ.

‘ನಾಳೆ ಬಾ’ ಬಾಗಿಲು

ನಾನು ಸಾಲಿ ಕಲಿಯುವಾಗ, 1990ರ ದಶಕದಲ್ಲಿ, ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆದು ಕದ ಬಡಿಯುತ್ತದೆ ಎಂಬ ಸುದ್ದಿ ಊರೂರಿಗೆ ಹಬ್ಬಿತ್ತು. ಕದದ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ವಾಪಸ್ ಹೋಗುತ್ತದೆ, ನಾಳೆ ಬಂದು ಮತ್ತೆ ಓದುತ್ತದೆ. ಇಷ್ಟು ವಿಧೇಯ, ಅಕ್ಷರಸ್ಥ ದೆವ್ವ ಬೇರೆ ಯಾವ ದೇಶದಲ್ಲಿದೆ? ನಮ್ಮ ಓಣಿಯಲ್ಲಿ ಕೆಲವರು ಸುಣ್ಣದಲ್ಲಿ ಬರೆದಿದ್ದರು, ಕೆಲವರು ಇದ್ದಿಲಿನಲ್ಲಿ. ಹ್ಯಾಲೊವೀನ್ ತಟ್ಟೆಯಲ್ಲಿ ಇದಿಲ್ಲದಿದ್ದರೆ ಹೇಗೆ.

ಗ್ಲೂಕೋಸ್ ಬಿಸ್ಕಿಟನ್ನು ಕರಗಿದ ಡಾರ್ಕ್ ಚಾಕ್ಲೇಟಿಗೆ ಮಲಗಿಸಿ, ಫೋರ್ಕಿನಿಂದ ಮೇಲೆತ್ತಿ, ಬೋಗುಣಿಯ ಅಂಚಿಗೆ ಮೂರು ಸಲ ತಟ್ಟಿ. ಹೆಚ್ಚಿನದು ಇಳಿದು ಹೋಗಲಿ. ಇಳಿಯದಿದ್ದರೆ ಬಿಸ್ಕಿಟ್ ಸುತ್ತ ಪಾದದಂತೆ ಹರಡಿಕೊಳ್ಳುತ್ತದೆ. ಬಟರ್ ಪೇಪರಿನ ಮೇಲೆ ಜಾರಿಸಿ. ಬಾಗಿಲಿನ ಹಿಡಿಕೆಗೆ ಒಂದೇ ಒಂದು ಬಣ್ಣದ ಬಡೇಸೋಪು, ಚಾಕ್ಲೇಟ್ ಹಸಿ ಇರುವಾಗಲೇ ಒತ್ತಿ. ಆಮೇಲೆ ಒತ್ತಿದರೆ ನಿಲ್ಲುವುದಿಲ್ಲ.

ಬರೆಯಲು ಕೋನ್ ಬೇಕು. ಮೆಹಂದಿ ಕೋನ್ ಸುತ್ತಿ ಗೊತ್ತಿರುವವರಿಗೆ ಹೇಳಿಕೊಡಬೇಕಾದದ್ದಿಲ್ಲ: ಬಟರ್ ಪೇಪರನ್ನು ತ್ರಿಕೋನವಾಗಿ ಕತ್ತರಿಸಿ, ಸುತ್ತಿ, ಟೇಪ್ ಹಚ್ಚಿ, ಅರ್ಧದಷ್ಟೇ ಬಿಳಿ ಚಾಕ್ಲೇಟ್ ತುಂಬಿ, ಬಾಯಿ ಮಡಚಿ. ತುದಿಯನ್ನು ಬಿಸ್ಕಿಟ್ ಪೂರ್ತಿ ಗಟ್ಟಿಯಾದ ಮೇಲೆಯೇ ಕತ್ತರಿಸಿ, ಸೂಜಿ ಹೋಗುವಷ್ಟು ಮಾತ್ರ. ಚಾಕ್ಲೇಟ್ ತೀರಾ ಬಿಸಿ ಇದ್ದರೆ ಅಕ್ಷರ ಹರಡಿ ‘ಳೆ’ಯ ಹೊಟ್ಟೆ ತುಂಬಿಹೋಗುತ್ತದೆ. ಕೋನನ್ನು ಕೆಳತುಟಿಗೆ ಮುಟ್ಟಿಸಿ ನೋಡಿ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ತುದಿಯನ್ನು ಬಿಸ್ಕಿಟಿಗೆ ತಾಗಿಸದೆ ಅರ್ಧ ಬೆರಳು ಮೇಲೆ ಹಿಡಿದು, ದಾರ ಇಳಿಬಿಟ್ಟಂತೆ ಬರೆಯಿರಿ. ‘ನಾಳೆ’ ಒಂದು ಸಾಲು, ‘ಬಾ’ ಕೆಳಗೆ. ‘ಳೆ’ ನಮ್ಮ ಕೈಯನ್ನು ನಿಜವಾಗಿ ಪರೀಕ್ಷೆ ಮಾಡುವ ಅಕ್ಷರ. ಮೊದಲು ಪೇಪರಿನ ಮೇಲೆ ಹತ್ತು ಸಲ ಬರೆದು ನೋಡಿ, ಗಟ್ಟಿಯಾದದ್ದನ್ನು ಕೆರೆದು ಮತ್ತೆ ಕರಗಿಸಬಹುದು. ತಂಗಿಯ ಮಗಳಿಗೆ ಕನ್ನಡ ಅಕ್ಷರ ಅಷ್ಟು ಬರುತ್ತಿರಲಿಲ್ಲ. ಹದಿನೈದು ಬಾಗಿಲು ಬರೆಯುವಷ್ಟರಲ್ಲಿ ಮೂರು ಅಕ್ಷರ ಪಕ್ಕಾ ಆದವು.

ಕಡಕ್ ರೊಟ್ಟಿಯ ಬಾವಲಿ

ನನ್ನ ಮೆಚ್ಚಿನದು ಇದು. ಹಳೆಯ ಗುಮ್ಮಟ, ಬುರುಜುಗಳ ಊರಿನಲ್ಲಿ ಬೆಳೆದವರಿಗೆ ಬಾವಲಿ ಹೊಸದಲ್ಲ. ಮುಸ್ಸಂಜೆಗೆ ಕತ್ತಲೆಯ ಕಮಾನುಗಳೊಳಗಿಂದ ಅವು ಉದುರಿದಂತೆ ಹೊರಬೀಳುವುದನ್ನು ನೋಡಿಯೇ ಮನೆಗೆ ಓಡಿದವರು ನಾವು.

ಕಡಕ್ ರೊಟ್ಟಿಯನ್ನು ಮೊದಲು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ಪೂರ್ತಿ ಆರಲು ಬಿಡಿ. ಹಿಂಗಾರಿ ಮಳೆಯ ದಿನಗಳು, ಹವೆಯಲ್ಲಿ ಪಸೆ ಇರುತ್ತದೆ, ಡಬ್ಬಿಯಲ್ಲಿದ್ದ ರೊಟ್ಟಿಯೂ ಒಳಗೊಳಗೆ ಮೆತ್ತಗಾಗಿರುತ್ತದೆ. ಆಮೇಲೆ ಕೈಯಿಂದಲೇ ಮುರಿಯಿರಿ, ಚಾಕು ಬೇಡ. ರೊಟ್ಟಿ ತಾನಾಗಿ ಮುರಿದಾಗ ಬರುವ ಹರಕು ಅಂಚೇ ಬಾವಲಿ ರೆಕ್ಕೆಯ ಅಂದ. ಎರಡು ಬೆರಳು ಉದ್ದದ ತ್ರಿಕೋನದ ಚೂರುಗಳು ಒಂದು ಬಾವಲಿಗೆ ಎರಡು ಬೇಕು. ಆರಿಸುವಾಗ ಜೋಡಿ ನೋಡಿ ಇಡಿ.

ಖರ್ಜೂರದ ಬೀಜ ತೆಗೆದು ಒಳಗೆ ಎರಡು ಹುರಿದ ಶೇಂಗಾ ಇಟ್ಟು ಮುಚ್ಚಿ. ಅದು ಮೈ. ಎರಡೂ ಪಕ್ಕ ಚಾಕುವಿನ ತುದಿಯಿಂದ ಸೀಳು ಮಾಡಿ. ರೆಕ್ಕೆಗಳನ್ನು ಡಾರ್ಕ್ ಚಾಕ್ಲೇಟಿನಲ್ಲಿ ಅದ್ದಿ, ಚೂಪು ತುದಿಯನ್ನು ಮಾತ್ರ ಬಿಟ್ಟು, ಬಟರ್ ಪೇಪರಿನ ಮೇಲೆ ಆರಲು ಬಿಡಿ. ಗಟ್ಟಿಯಾದ ಮೇಲೆ ಆ ತುದಿಯನ್ನು ಸೀಳಿಗೆ ಸಿಕ್ಕಿಸಿ, ಮೇಲೆ ಒಂದು ಚಮಚ ಚಾಕ್ಲೇಟ್ ಸುರಿಯಿರಿ. ಮೈಯೂ ಮುಚ್ಚುತ್ತದೆ, ಬೆಸುಗೆಯೂ ಆಗುತ್ತದೆ. ರೆಕ್ಕೆ ಬಾಗದಂತೆ ಎರಡೂ ಕಡೆ ಚಮಚದ ಹಿಡಿಕೆ ಆನಿಸಿ ಐದು ನಿಮಿಷ ಬಿಡಿ. ಕಣ್ಣಿಗೆ ಎರಡು ಬಿಳಿ ಎಳ್ಳು, ಟೂತ್‌ಪಿಕ್ಕಿನ ತುದಿಯಿಂದ.

ಮೊದಲ ಸಲ ನಾನು ಹಸಿ ಚಾಕ್ಲೇಟಿನ ರೆಕ್ಕೆಯನ್ನೇ ಸಿಕ್ಕಿಸಲು ಹೋಗಿ, ಐದು ಬಾವಲಿ ನೆಲಕ್ಕೆ ಬಿದ್ದವರಂತೆ ರೆಕ್ಕೆ ಚೆಲ್ಲಿಕೊಂಡು ಮಲಗಿದವು. ಅವನ್ನು ‘ಕರೆಂಟ್ ತಂತಿಗೆ ತಾಗಿದ ಬಾವಲಿ’ ಎಂದು ತಟ್ಟೆಯ ಮೂಲೆಗೆ ಇಟ್ಟೆ. ಮೊದಲು ಖಾಲಿಯಾದವು ಅವೇ.

ಜೇಡ

ಶೇಂಗಾ ಹುರಿದು ಸಿಪ್ಪೆ ತೆಗೆದು ಪೂರ್ತಿ ಆರಿಸಿ. ಬಿಸಿ ಶೇಂಗಾ ಹಾಕಿದರೆ ಚಾಕ್ಲೇಟ್ ಗಂಟೆಗಟ್ಟಲೆ ಗಟ್ಟಿಯಾಗುವುದಿಲ್ಲ. ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕ ಅಂತೀವಿ. ತಿಕೋಟಾ ಸುತ್ತಿನ ತೋಟಗಳಲ್ಲಿ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಎರಡು ವಾರದ ಮೇಲೆ ಒಣಗಿಸುತ್ತಾರೆ. ಆ ಎಣ್ಣೆಯ ಪಸೆ ಮೈಮೇಲೆ ಇರುವುದರಿಂದ ಬಳಸುವ ಹಿಂದಿನ ದಿನವೇ ತೊಳೆದು, ಬಟ್ಟೆಯ ಮೇಲೆ ಹರಡಿ, ಪೂರ್ತಿ ಒಣಗಿಸಿ. ಅರೆ ಒಣಗಿದ್ದನ್ನು ಹಾಕಿದಿರೋ, ನೀರಿನ ದೆವ್ವ ಮತ್ತೆ ಬಂತು.

150 ಗ್ರಾಂ ಶೇಂಗಾ, 75 ಗ್ರಾಂ ಮನೂಕ, 120 ಗ್ರಾಂ ಕರಗಿದ ಡಾರ್ಕ್ ಚಾಕ್ಲೇಟ್ ಕೂಡಿಸಿ, ಚಮಚದಿಂದ ಹದಿನೈದು ಗುಪ್ಪೆ ಹಾಕಿ. ಚಕ್ಕಲಿಯನ್ನು ಸುತ್ತಿನ ಉದ್ದಕ್ಕೆ ಮುರಿದರೆ ಬಾಗಿದ ತುಂಡುಗಳು ಬರುತ್ತವೆ, ನೋಡಿ, ಮೊಣಕಾಲು ಮಡಚಿದ ಜೇಡನ ಕಾಲೇ! ಗುಪ್ಪೆ ಹಸಿ ಇರುವಾಗ ಸಿಕ್ಕಿಸಿ. ಒಂದಕ್ಕೆ ಎಂಟರಂತೆ ನೂರಾ ಇಪ್ಪತ್ತು ಕಾಲು. ನಾನು ಆರಕ್ಕೆ ನಿಲ್ಲಿಸಬೇಕೆಂದಿದ್ದೆ, ತಂಗಿಯ ಮಗ ಬಿಡಲಿಲ್ಲ. ‘ಆರು ಕಾಲಿದ್ರ ಅದು ಹುಳ ಆಗ್ತದ ಮಾವಶಿ, ಜೇಡ ಆಗೂದಿಲ್ಲ.’ ಎಂಟೇ ಹಚ್ಚಿ, ಈಗಿನ ಹುಡುಗರು ಎಣಿಸುತ್ತಾರೆ.

ಬಿಳಿ ಸೀರೆಯ ದೆವ್ವ, ದೃಷ್ಟಿಗೊಂಬೆ

ಚುರುಮುರಿಯನ್ನು ಬಾಣಲೆಯಲ್ಲಿ ಗರಿಯಾಗುವವರೆಗೆ ಹುರಿದು ಆರಿಸಿ. 150 ಗ್ರಾಂ ಬಿಳಿ ಚಾಕ್ಲೇಟಿನಲ್ಲಿ ಕಲಸಿ, ಚಮಚದಿಂದ ಎತ್ತರದ ಗುಪ್ಪೆ ಹಾಕಿ, ಮೇಲೆ ಒಂದು ಚಮಚ ಬಿಳಿ ಚಾಕ್ಲೇಟ್ ಸುರಿದರೆ ಸೀರೆಯ ಸೆರಗು ಇಳಿದಂತಾಗುತ್ತದೆ. ಡಾರ್ಕ್ ಚಾಕ್ಲೇಟಿನ ಎರಡು ಕಣ್ಣು, ಒಂದು ತೆರೆದ ಬಾಯಿ. ಹೊರಗಿನವರು ಬಾಳೆಹಣ್ಣನ್ನು ಬಿಳಿ ಚಾಕ್ಲೇಟಿನಲ್ಲಿ ಅದ್ದಿ ದೆವ್ವ ಮಾಡುತ್ತಾರೆ. ನಮ್ಮ ಹವೆಗೆ ಅದು ಬೇಡ. ಹಣ್ಣಿನ ನೀರು ಒಳಗಿಂದ ಬಿಟ್ಟುಕೊಂಡು ಒಂದು ಗಂಟೆಯಲ್ಲಿ ಸೀರೆ ಜಾರುತ್ತದೆ.

ದೃಷ್ಟಿಗೊಂಬೆ ಇನ್ನೂ ಸುಲಭ. ಹೊಸ ಮನೆ ಕಟ್ಟುವಾಗ ಮುಂದೆ ತೂಗುಹಾಕುವ, ಹುರಿ ಮೀಸೆ, ಹೊರಬಂದ ಕಣ್ಣು, ಚಾಚಿದ ನಾಲಿಗೆಯ ರಾಕ್ಷಸನ ಮೋರೆ ನೆನಪಿರಲಿ. ಮಾರಿ ಬಿಸ್ಕಿಟನ್ನು ಬ್ಯಾಡಗಿಯ ಕಿತ್ತಳೆ ಚಾಕ್ಲೇಟಿನಲ್ಲಿ ಅದ್ದಿ, ಗಟ್ಟಿಯಾದ ಮೇಲೆ ಕೋನಿನಿಂದ ಕಪ್ಪು ಮೀಸೆ ಮತ್ತು ಹುಬ್ಬು, ಬಿಳಿ ಕೋರೆಹಲ್ಲು. ಮೀಸೆ ದಪ್ಪವಾಗಿರಲಿ. ಇದನ್ನು ಹುಡುಗರ ಕೈಗೇ ಕೊಟ್ಟುಬಿಡಿ, ಸೊಟ್ಟಗಾದಷ್ಟೂ ಚೆಂದ.

ಕರದಂಟಿನ ಬೆರಳಿಗೆ ಹೆಚ್ಚು ಹೇಳುವುದೇನಿಲ್ಲ. ಅಮೀನಗಡದ್ದೋ ಗೋಕಾಕದ್ದೋ ನಿಮ್ಮ ನಿಷ್ಠೆ, ಆ ಜಗಳಕ್ಕೆ ನಾನು ಬರುವುದಿಲ್ಲ. ಉದ್ದಕ್ಕೆ ಬೆರಳಿನಂತೆ ಕತ್ತರಿಸಿ, ಬುಡವನ್ನಷ್ಟೇ ಡಾರ್ಕ್ ಚಾಕ್ಲೇಟಿನಲ್ಲಿ ಅದ್ದಿ. ಇನ್ನೊಂದು ತುದಿಗೆ ಅರ್ಧ ಬಾದಾಮಿಯನ್ನು ಉಗುರಿನಂತೆ ಅಂಟಿಸಿ. ಕರಿದ ಅಂಟು, ಬೆಲ್ಲ, ಗೋಡಂಬಿಯ ಗಂಟುಗಂಟಾದ ಮೈಯೇ ಮುದಿ ಮಾಟಗಾತಿಯ ಬೆರಳಿನಂತೆ ಕಾಣುತ್ತದೆ. ಪೂರ್ತಿ ಮುಳುಗಿಸಬೇಡಿ. ಕರದಂಟಿನ ರುಚಿಯನ್ನು ಕಾಂಪೌಂಡ್ ಚಾಕ್ಲೇಟಿನಲ್ಲಿ ಹೂಳುವುದು ನನ್ನ ಮಟ್ಟಿಗೆ ಅಪರಾಧ.

ಗಟ್ಟಿಮಾಡುವುದು, ಇಡುವುದು, ಬಡಿಸುವುದು

ಫ್ರಿಜ್ಜಿನಲ್ಲಿ ಇಡಬಹುದೇ? ಹತ್ತು ನಿಮಿಷ, ಅಷ್ಟೇ. ಫ್ರೀಜರಿನಲ್ಲಿ ಬೇಡವೇ ಬೇಡ. ತಣ್ಣಗೆ ಕೊರೆಯುವ ಚಾಕ್ಲೇಟನ್ನು ಹೊರಗೆ ತೆಗೆದರೆ ಹವೆಯ ಪಸೆಯೆಲ್ಲ ಅದರ ಮೈಮೇಲೆ ಬೆವರಾಗಿ ಕೂಡುತ್ತದೆ. ಒಂದು ವರ್ಷ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ಬಾಗಿಲುಗಳು ಸಂಜೆ ಹೊರಬಂದು ಬೆವರಿದವು. ಮುಟ್ಟಿದ ಬೆರಳಿಗೆಲ್ಲ ಅಕ್ಷರ ಹತ್ತಿಕೊಂಡು, ಉಳಿದದ್ದು ‘ನಾ ಬಾ’. ಇಟ್ಟದ್ದೇ ಆದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ಹೊರಗಿನ ಶಾಖಕ್ಕೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ಬೆವರು ಡಬ್ಬಿಗೆ ಬರಲಿ.

ಮಾಮೂಲಿಗೆ ಸ್ಟೀಲ್ ಡಬ್ಬಿ, ಪದರು ಪದರಿನ ನಡುವೆ ಬಟರ್ ಪೇಪರ್, ಮನೆಯ ತಂಪಾದ ಮೂಲೆ. ಜೇಡ, ಬಾಗಿಲು, ಗೊಂಬೆ ಒಂದು ವಾರ ಚೆನ್ನಾಗಿರುತ್ತವೆ. ಬಾವಲಿಯನ್ನು ಎರಡು ದಿನದಲ್ಲಿ ಮುಗಿಸಿ, ಖರ್ಜೂರದ ಪಸೆಗೆ ರೆಕ್ಕೆಯ ಬುಡ ಮೆತ್ತಗಾಗುತ್ತದೆ. ಎಲ್ಲವನ್ನೂ ಒಂದೇ ದಿನ ಹಚ್ಚಿಕೊಳ್ಳಬೇಡಿ. ಹುರಿಯುವ, ತೊಳೆದು ಒಣಗಿಸುವ, ಕೋನ್ ಸುತ್ತುವ ಕೆಲಸ ಮೊದಲ ದಿನ. ಅದ್ದುವುದು ಎರಡನೆಯ ಸಂಜೆ. ಮೋರೆ ಬರೆಯುವುದು ಪಾರ್ಟಿಯ ದಿನ ಹುಡುಗರ ಜೊತೆ.

ಬಡಿಸಲು ನಾನು ಹಳೆಯ ಬಿದಿರಿನ ಮೊರಕ್ಕೆ ಕರಿ ಬಟ್ಟೆ ಹಾಸುತ್ತೇನೆ, ನಡುವೆ ಒಂದು ಒಣಗಿದ ಹುಣಸೆ ಟೊಂಗೆ, ಅದಕ್ಕೆ ಬಾವಲಿಗಳು ಆತು ಕುಳಿತಂತೆ. ಜೇಡರ ಬಲೆಗೆ ಹತ್ತಿ ಎಳೆಯಬಹುದು, ಆದರೆ ತಿನಿಸಿಗೆ ತಾಗದಂತೆ. ಬಾಯಿಗೆ ಹತ್ತಿ ಬಂದರೆ ದೆವ್ವದ ಮಜಾ ಅಲ್ಲ, ದವಾಖಾನೆಯ ನೆನಪು. ಹಣತೆಯನ್ನು ಮೊರದಿಂದ ದೂರ ಇಡಿ.

ಎರಡು ಮಾತು ತಮಾಷೆಯದಲ್ಲ. ಶೇಂಗಾ ಕೆಲವು ಮಕ್ಕಳಿಗೆ ಆಗುವುದಿಲ್ಲ, ಕರೆಯುವಾಗಲೇ ಅವರ ತಾಯಂದಿರನ್ನು ಕೇಳಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡಿ ಶೇಂಗಾ ಇರುವ ಜೇಡ, ಬಾವಲಿ, ಗೋಡಂಬಿ–ಬಾದಾಮಿ ಇರುವ ಕರದಂಟಿನ ಬೆರಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರಿಗೆ ಬಾಗಿಲು, ದೃಷ್ಟಿಗೊಂಬೆ ಸಾಕು. ಓಣಿಯ ನಾಯಿಗೆ ಪ್ರೀತಿಯಿಂದ ಒಂದು ತುಂಡು ಹಾಕುವುದೂ ಬೇಡ. ಚಾಕ್ಲೇಟಿನಲ್ಲಿರುವ ಥಿಯೊಬ್ರೊಮೈನ್ ನಾಯಿಗೆ ವಿಷ, ಒಣದ್ರಾಕ್ಷಿಯೂ ವಿಷ.

ಬೋಗುಣಿಯ ತಳದಲ್ಲಿ ಉಳಿದ ಚಾಕ್ಲೇಟನ್ನು ಬಿಸಿನೀರು ಹಾಕಿ ಮೋರಿಗೆ ಬಿಡಬೇಡಿ, ಕೊಳವೆಯೊಳಗೆ ಗಟ್ಟಿಯಾಗಿ ಕೂಡುತ್ತದೆ. ಕಾಗದದಿಂದ ಒರೆಸಿ ತೆಗೆಯಿರಿ. ಬಿಳಿ ಚಾಕ್ಲೇಟ್ ಮಾತ್ರ ಸ್ವಲ್ಪ ಉಳಿಸಿಕೊಳ್ಳಿ. ಮರುದಿನ ಬೆಳಗಾದರೆ ನವೆಂಬರ್ 1, ರಾಜ್ಯೋತ್ಸವ. ಅರ್ಧಕ್ಕೆ ಅರಿಶಿನ ಎರಡು ಚಿಟಿಕೆ, ಅರ್ಧಕ್ಕೆ ಬ್ಯಾಡಗಿ ಎಣ್ಣೆ ಇನ್ನೂ ಅರ್ಧ ಚಮಚ ಹೆಚ್ಚಿಗೆ. ಉಳಿದ ಗ್ಲೂಕೋಸ್ ಬಿಸ್ಕಿಟುಗಳನ್ನು ಒಂದು ಬದಿಗೆ ಹಳದಿಯಲ್ಲಿ, ಆರಿದ ಮೇಲೆ ಇನ್ನೊಂದು ಬದಿಗೆ ಕೆಂಪಿನಲ್ಲಿ ಅದ್ದಿ. ತಟ್ಟೆಯಲ್ಲಿ ಜೋಡಿಸುವಾಗ ಹಳದಿ ಮೇಲೆ ಬರಲಿ.